ಡ್ರೈವರನ ಬಲಗಾಲು

ನಾಲ್ಕು ಟ್ರಿಪ್ ಮುಗಿಸಿ ದಣಿದಿದ್ದ ಡ್ರೈವರ್ ಫಕ್ಕೀರಪ್ಪ ಡಿಪೋ ಗೇಟಿನಲ್ಲಿ ಎಂದಿನಂತೆ ಕಂಡಕ್ಟರ್ ಶಾಂತವ್ವನತ್ತ ಕೈ ಚಾಚಿದ. ಬೆಳಿಗ್ಗೆ ಅವಳ ಕೈ ಹಿಡಿದೇ ತನ್ನ ಕಾಲುನೋವನ್ನು ಅವಳ ಮೈಗೆ ದಾಟಿಸಿದ್ದ; ಡ್ಯೂಟಿ ಮುಗಿದ ಮೇಲೆ ವಾಪಸ್ ಪಡೆಯುವುದು ಎಲ್ಲ ಬಸ್ಸಿನವರ ರೂಢಿ. ನೋಯುವ ಕಾಲಿನಿಂದ ಬ್ರೇಕ್ ತುಳಿಯಬಾರದಲ್ಲ! ಸೊಂಟದ ಡಿಸ್ಕು ಜರುಗಿ ನರ ಒತ್ತುತ್ತಿದೆ, ಬಹಳ ಹೊತ್ತು ಕೂರಬೇಡ ಎಂದಿದ್ದರು ಡಾಕ್ಟರು. ನಿಂತು ಬಸ್ಸು ಓಡಿಸುವುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಕೈ ಕೂಡಿತು. ಸೊಂಟದಿಂದ ಹಿಮ್ಮಡಿಯವರೆಗೆ ಬಲಗಾಲಿನಲ್ಲಿ ಕಾದ ತಂತಿ ಎಳೆದಂತಾಯಿತು. ಮರುಕ್ಷಣ ಎಡಗಾಲಿನಲ್ಲೂ.

"ನಂದು ಬಲಗಾಲಷ್ಟ. ಈ ಎಡಗಾಲಿಂದು ಯಾರದವಾ?"

ಶಾಂತವ್ವ ಗಕ್ಕನೆ ಕೈ ಎಳೆದುಕೊಂಡಳು. "ಅಯ್ಯ, ಅದೂ ಬಂತೇನಣ್ಣ? ಅದು ನಂದು. ದಿನಾ ನಿಂತು ನಿಂತು ಬಂದದ್ದು, ವರ್ಷಾತು."

"ಮತ್ತ ನನ್ನದ್ಯಾಕ ತಗೋತಿದ್ದಿ?"

"ಹೇಳಿದ್ರ ನೀವು ಕೊಡ್ತಿದ್ರೇನು? ತರ್ರಿ ಇಲ್ಲಿ."

ಫಕ್ಕೀರಪ್ಪ ಎರಡೂ ಕೈ ಕಿಸೆಗೆ ಹಾಕಿಕೊಂಡ. "ಇವತ್ತೊಂದಿನ ಹಗುರಾಗಿ ಮನೀಗೆ ಹೋಗವಾ" ಎಂದು ಹೊರಟ.

ಎರಡೂ ಕಾಲು ಒಂದೇ ಸಮ ನೊಂದರೆ ಕುಂಟುವುದಕ್ಕೂ ಬರುವುದಿಲ್ಲ.

"ಗುಣ ಆತೇನ್ರಿ? ಇವತ್ತು ನೆಟ್ಟಗ ನಡೀಲಿಕ್ಹತ್ತೀರಲ್ಲ!" ಎಂದ ಗೇಟಿನ ಕಾವಲುಗಾರ.