ಮನೆತನದ ಕಛೇರಿ

ಮನೆತನದ ಸಂಗೀತ ವಿದ್ವಾಂಸರಿಗೆಲ್ಲ ಅಂದು ಒಂದೇ ವೇದಿಕೆಯಲ್ಲಿ ಸನ್ಮಾನ. ಅವರೆಲ್ಲರಿಗೂ ಪಾಠ ಹೇಳಿದ ಹಿರಿಯರು ಮಾತ್ರ ಆಸ್ಪತ್ರೆಯಲ್ಲಿದ್ದರು. ಅವರ ತಮ್ಮ, ವಾರಿಜಳ ಮಾವ, ಹಾಡಲು ಕುಳಿತರು. ನಾದಿನಿಯ ಪಿಟೀಲು, ಮೈದುನನ ಮೃದಂಗ, ಹಿಂದೆ ತಂಬೂರಿ ಹಿಡಿದು ವಾರಿಜ. ಅದಕ್ಕೆ ಮುಂಚೆ ಮಾವ ಯಾರದೋ ಫೋನಿಗೆ ಓಗೊಟ್ಟು, ಕಛೇರಿಗೆ ಮುಂಚಿನ ಎಂದಿನ ಹಾಲನ್ನೂ ಕುಡಿಯದೆ ವೇದಿಕೆ ಹತ್ತಿದ್ದರು. ಸಭೆಯ ಅಳುಕಿರಬೇಕು ಎಂದುಕೊಂಡಿದ್ದಳು.

ಪಲ್ಲವಿಯ ನಡುವೆ ಅವಳ ಮಡಿಲಿನ ಮೊಬೈಲು ಬೆಳಗಿತು. ಆಸ್ಪತ್ರೆಯಲ್ಲಿ ಹಿರಿಯರ ಬಳಿಯಿದ್ದ ಗಂಡನ ಸಂದೇಶ: "ದೊಡ್ಡಪ್ಪ ಹೋದ್ರು."

ಈಗ ಹೇಳಿದರೆ ಮಾವ ಹಾಡು ಬಿಟ್ಟು ಎದ್ದುಬಿಡುತ್ತಾರೆ. ಹೋದವರು ಕಾಯುತ್ತಿದ್ದದ್ದು ಇದೇ ದಿನಕ್ಕೆ. ಅವಳು ಮೊಬೈಲನ್ನು ಮಗುಚಿ ಇಟ್ಟಳು. ಅಳು ಬರಲಿಲ್ಲ. ಬೆರಳುಗಳು ತಂತಿ ಮೀಟುತ್ತಲೇ ಇದ್ದವು, ಇನ್ಯಾರದೋ ಬೆರಳುಗಳ ಹಾಗೆ.

ಪಲ್ಲವಿ ಮುಗಿಯಿತು, ದೇವರನಾಮಗಳೂ ಮುಗಿದವು. ನಾದಿನಿ ಮಂಗಳಕ್ಕೆಂದು ಕಮಾನು ಎತ್ತಿದಳು. ಮಾವ ಸಭೆಗೆ ಕೈಮುಗಿದು ಎದ್ದುಬಿಟ್ಟರು. ಶಾಲು ತಂದವರನ್ನೂ ಕೈಸನ್ನೆಯಲ್ಲೇ ತಡೆದರು.

ಪರದೆಯ ಹಿಂದೆ ವಾರಿಜ ಮೆಲ್ಲಗೆ ಕೇಳಿದಳು. "ಮಂಗಳ ಹಾಡದೇ ಎದ್ದುಬಿಟ್ರಲ್ಲ ಮಾವ?"

"ಸೂತಕದಲ್ಲಿ ಯಾರಾದ್ರೂ ಮಂಗಳ ಹಾಡ್ತಾರೇನಮ್ಮ?"