ದಾರ ತೆಗೆದ ಮಷೀನು

ಹೊಲಿಗೆ ಕಲಿಸುವವರು ಹತ್ತು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಿಕೊಳ್ಳಬೇಕು. ಆಗ ಕಚೇರಿಯವರು ನೆನಪನ್ನು ಮುಟ್ಟದೆ, ಅವರ ಕೈಕಾಲಿನಲ್ಲಿರುವ ಹೊಲಿಗೆಯನ್ನಷ್ಟೇ ಅಳಿಸಿ ಕಳಿಸುತ್ತಾರೆ. ಅದನ್ನು ಮತ್ತೆ ಕಲಿಯಬೇಕಾದದ್ದು ತಮ್ಮದೇ ವಿದ್ಯಾರ್ಥಿಗಳಿಂದ.

ಮಹಿಳೆಯರ ಹೊಲಿಗೆ ತರಗತಿಯ ಇಂದುಮತಿ ಟೀಚರು ಹೀಗೆ ಹೊಲಿಗೆ ಅಳಿಸಿಕೊಂಡು ಬಂದು ಮೂರು ದಿನದಿಂದ ಹಲ್ಲು ಕಡಿಯುತ್ತ ಕೂತಿದ್ದರು. ಪೆಡಲು ತುಳಿದರೆ ಸಾಕು, ಗಾಲಿ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯುತ್ತಿತ್ತು.

"ಈ ಮಷೀನ ಸರಿ ಇಲ್ಲ!" ಎಂದು ಸಿಡುಕಿದರು.

ಅವರಿಗೆ ಕಲಿಸಲು ನೇಮಕವಾಗಿದ್ದ ಅವರದೇ ವಿದ್ಯಾರ್ಥಿನಿ, ಐವತ್ತೆರಡರ ಫಕೀರವ್ವ ಸೂಜಿಯಿಂದ ದಾರ ತೆಗೆದಳು. "ಮದಲ ಕೈಲೆ ಗಾಲಿ ಮುಂದಕ್ಕ ತಿರುವ್ರಿ ಟೀಚರ್, ಆಮ್ಯಾಲ ಕಾಲ ಹಾಕ್ರಿ. ಇವತ್ತು ಬರೇ ತುಳೀರಿ, ದಾರ ನಾಳೆ ನೋಡೂಣು."

ಅರ್ಧ ಗಂಟೆಯಲ್ಲಿ ಗಾಲಿ ಮಾತು ಕೇಳತೊಡಗಿತು. ಇಂದುಮತಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಉರಿಯಿತು.

"ಹಿಂಗ ನಾ ಯಾರಿಗೂ ಹೇಳಿಕೊಟ್ಟಿಲ್ಲ. ಇದನ್ನ ಎಲ್ಲಿ ಕಲತಿ, ಫಕೀರವ್ವಾ?"

"ಇಲ್ಲೇರಿ, ನೀವು ಊಟಕ್ಕ ಹೋದಾಗ." ಫಕೀರವ್ವ ತಲೆ ತಗ್ಗಿಸಿದಳು. "ದಾರ ಹರದ್ರ ನೀವು ಬೈತಿದ್ರಲ್ರಿ, ಅದಕ್ಕ ದಾರಾನ ತಗದಿಟ್ಟು ಕಲತೆ."