ಹಿಲ್ಡ್, ಲಿವ್, ಸಾಕವ್ವ

ಆಗ ನನಗೆ ಹನ್ನೆರಡು. ನಲವತ್ತು ವರ್ಷದ ಮೇಲಾಯಿತು. ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ಬ್ಯಾಡಗಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಂಗಳದಲ್ಲಿ ಅಜ್ಜಿಯ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಅವ್ವನಿಗೆ ಹುಟ್ಟಿದ ಐದನೆಯ ಹೆಣ್ಣುಮಗುವನ್ನು ನೋಡಲು ನಾರ್ವೆ ದೇಶದ ನರ್ಸಬಾಯಿ ಬಂದಿದ್ದಳು.

"ನಾಳೆ ಸಾಕವ್ವ ಅಂತ ಹೆಸರಿಡತೇವ್ರಿ. ಹೆಣ್ಣು ಸಾಕಾಗೇತಿ," ಎಂದಳು ಅಜ್ಜಿ.

"ನನ್ನ ಹೆಸರು ಹಿಲ್ಡ್. ನಮ್ಮ ಹಳೇ ಮಾತಿನ್ಯಾಗ ಯುದ್ಧ ಅಂತ ಅರ್ಥ. ನಮ್ಮಕ್ಕ ಲಿವ್, ಅಂದ್ರ ಜೀವ," ಎಂದಳು ನರ್ಸಬಾಯಿ.

"ಹೆಣ್ಣಿಗೆ ಯುದ್ಧ! ಗಂಡ ಹೆಂಗ ಸಿಗತಾನ್ರಿ ಬಾಯಾರ?" ಅಜ್ಜಿ ನಕ್ಕಳು.

ನಾನು ನಗಲಿಲ್ಲ. ಉರಿಯುವ ಕೈ ಮರೆತು, ಬಾಯಿ ತೆರೆದು ನರ್ಸಬಾಯಿಯನ್ನೇ ನೋಡಿದೆ.

ಮರುದಿನ ಬೆಳಿಗ್ಗೆ, ಸೋದರತ್ತೆ ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮೊದಲೇ, ತೊಟ್ಟಿಲಿಗೆ ಬಾಗಿ "ಲಿವ್" ಅಂದೆ.